ನೀರು ಹಿಂದಕ್ಕೆ ಹೋಗುವ ಊರಿನಲ್ಲಿ ಹಂಪಮ್ಮ

ಹಂಪಮ್ಮನಿಗೆ ಎಡ ಬಲ ಇರಲಿಲ್ಲ. ಕೈ ಎರಡೂ ಇದ್ದವು, ಗಟ್ಟಿಯಾಗಿಯೇ ಇದ್ದವು. ಆದರೆ ಎಡಕ್ಕೆ, ಬಲಕ್ಕೆ ಎನ್ನುವ ಮಾತನ್ನು ಅವಳ ಬಾಯಲ್ಲಿ ನಾನು ಒಮ್ಮೆಯೂ ಕೇಳಿದ್ದಿಲ್ಲ. ಅವಳಿಗೆ ಇದ್ದದ್ದು ಎರಡೇ ದಿಕ್ಕು. ಕಾಲುವೆ ನೀರು ಬರುವ ಕಡೆ ಮ್ಯಾಲಕ, ನೀರು ಹೋಗುವ ಕಡೆ ಕೆಳಕ. ಊಟಕ್ಕೆ ಕೂತರೆ "ಚಟ್ನಿ ಒಂಚೂರು ಕೆಳಕ ಸರಸಲೇ" ಅನ್ನುತ್ತಿದ್ದಳು. ಅವಳ ತಮ್ಮನ ಮನೆಗೆ ಹೊಸದಾಗಿ ಬಂದ ಸೊಸೆ ಅದನ್ನು ಕೇಳಿ ಚಟ್ನಿಯ ಬಟ್ಟಲನ್ನು ಮಣೆಯಿಂದ ಇಳಿಸಿ ನೆಲಕ್ಕೆ ಇಟ್ಟಿದ್ದಳು.

ಸಿರುಗುಪ್ಪದ ಕಡೆ ಕಾಲುವೆ ಬದಿಯಲ್ಲಿ ಬಾಳಿದವರೆಲ್ಲ ಸ್ವಲ್ಪ ಹೀಗೇ. ಇಂಥವರ ಗದ್ದೆ ತೂಬಿನ ಕೆಳಗೈತಿ ಅಂದರೆ ನಮಗೆ ಸಾಕು, ನಡೆದುಬಿಡುತ್ತೇವೆ. ಆದರೆ ಬೇರೆ ಊರಿಗೆ ಹೋದರೆ ನಾವು ಅದನ್ನು ಬಿಟ್ಟು ಊರಿನವರ ಹಾಗೆ ಮಾತಾಡುತ್ತೇವೆ. ಹಂಪಮ್ಮ ಬಿಡುತ್ತಿರಲಿಲ್ಲ.

ಒಮ್ಮೆ ಕಣ್ಣು ಉರಿ ಅಂತ ಬಳ್ಳಾರಿಯ ಸತ್ಯನಾರಾಯಣಪೇಟೆಯ ಡಾಕ್ಟರ ಹತ್ತಿರ ಹೊರಟಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಆಟೋದವನು ತಿರುವಿನಲ್ಲಿ ನಿಲ್ಲಿಸಿ, "ಅಮ್ಮಾ, ರೈಟಾ ಲೆಫ್ಟಾ?" ಎಂದು ಕೇಳಿದ.

"ಕೆಳಕ ಹೋಗಪ" ಅಂದಳು.

"ಕೆಳಗೆಲ್ಲಿ ಹೋಗ್ಲಿ, ಭೂಮಿ ಒಳಗಾ?"

ಹಂಪಮ್ಮ ಆಟೋದಿಂದ ಇಳಿದಳು. ರಸ್ತೆ ಬದಿಯ ಚರಂಡಿಯ ಹತ್ತಿರ ಹೋಗಿ, ಬಗ್ಗಿ, ಆ ಹೊಲಸು ನೀರು ಯಾವ ಕಡೆ ಹರಿಯುತ್ತಿದೆ ಅಂತ ನೋಡಿದಳು. ಬಂದು ಕೂತು ಕೈ ಮಾಡಿದಳು. ಡಾಕ್ಟರ ಮನೆ ಅಲ್ಲೇ ಇತ್ತು. ಅದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಟೋದವನಿಗೂ ಗೊತ್ತಾಗಲಿಲ್ಲ.

ಡಾಕ್ಟರ ಕೋಣೆಗೆ ಅವಳು ಒಬ್ಬಳೇ ಹೋದಳು. ಹೊರಗೆ ಬಂದವಳು "ಏನಿಲ್ಲಂತ, ಹನಿ ಬರದು ಕೊಟ್ಟಾರ" ಅಂದಳು. ನಾವು ಮಂಡಕ್ಕಿ ತಿಂದು ಬಸ್ಸು ಹತ್ತಿದೆವು.

ಅವಳ ಕೆಲಸ ನಮ್ಮ ನಾಟಿ ಗುಂಪಿನ ಮುಂದೆ ನಡೆಯುವುದು. ನೆಲ್ಲು ನಾಟಿಯ ಕಾಲದಲ್ಲಿ ಬೆಳಕು ಹರಿಯುವ ಮೊದಲೇ ಹೆಂಗಸರು ಕಾಲುವೆ ಸೇತುವೆಯ ಹತ್ತಿರ ಕೂಡುತ್ತೇವೆ. ಮುಂದೆ ನಡೆಯುವವಳು ಯಾರ ಗದ್ದೆ ಅಂತ ಮೊದಲೇ ಒಪ್ಪಿಕೊಂಡಿರುತ್ತಾಳೆ, ಕೂಲಿಯ ಮಾತೂ ಅವಳದೇ. ಹಿಂದೆ ಬರುವವರು ಅವಳ ಬೆನ್ನು ನೋಡಿಕೊಂಡು ಬದುವಿನ ಮೇಲೆ ನಡೆದರೆ ಮುಗಿಯಿತು. ಹಂಪಮ್ಮನ ಬೆನ್ನು ಅಗಲ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು, ತಿರುಗಿ ನೋಡದೆ ನಡೆಯುವಳು. ದಾರಿ ಮಾತ್ರ ಯಾರನ್ನೂ ಕೇಳಳು. "ಮನಷ್ಯಾರನ್ನ ಕೇಳಿದ್ರ ಗೊತ್ತಿಲ್ಲಂದ್ರೂ ಹೇಳ್ತಾರ. ನೀರಿಗೆ ಸುಳ್ಳು ಬರಂಗಿಲ್ಲ" ಅನ್ನುತ್ತಿದ್ದಳು. ಗಂಡ ಬೇಗ ಸತ್ತಿದ್ದ. ಇದ್ದೊಬ್ಬ ಮಗಳನ್ನು ಕುರುಗೋಡಿಗೆ ಕೊಟ್ಟಿದ್ದಳು. ನಮ್ಮ ಮನೆಯ ಪಕ್ಕದಲ್ಲೇ ತಮ್ಮನ ಮನೆಯಲ್ಲಿ ಇರುತ್ತಿದ್ದಳು. ನಾಟಿ ಇಲ್ಲದ ದಿನ ಅವಳನ್ನು ನೋಡಿದರೆ ಎತ್ತು ಬಿಚ್ಚಿದ ಬಂಡಿಯ ಹಾಗೆ ಕಾಣುತ್ತಿದ್ದಳು. ಕಟ್ಟೆಯ ಮೇಲೆ ಕೂತು ಹೋಗುವವರನ್ನೆಲ್ಲ ಬಯ್ಯುವುದೇ ಕೆಲಸ.

ಆಮೇಲೆ ಒಂದು ಮುಂಜಾನೆ ನಮ್ಮನ್ನು ಬೇರೆಯವರ ಗದ್ದೆಗೆ ಇಳಿಸಿದಳು. ಸಸಿಯ ಕಟ್ಟುಗಳು ಅಲ್ಲೇ ಬಿದ್ದಿದ್ದವು, ನಾವು ಬಗ್ಗಿ ನಾಟಿ ಶುರು ಮಾಡಿದೆವು. ಅರ್ಧ ಆಗಿತ್ತು, ಇನ್ನೊಂದು ಗುಂಪು ಬಂದು ಬದುವಿನ ಮೇಲೆ ನಿಂತು ಬಾಯಿ ಬಿಟ್ಟಿತು. ಅದು ಅವರು ಒಪ್ಪಿಕೊಂಡ ಗದ್ದೆ. ಹಂಪಮ್ಮ ಸೊಂಟ ನೆಟ್ಟಗೆ ಮಾಡಿ, "ನೆಟ್ಟಿದ್ದನ್ನ ಕೀಳಾಕ ಆಗಂಗಿಲ್ಲ. ನಿಮ್ಮದಕ್ಕ ನಾವು ನೆಟ್ಟೀವಿ, ನಮ್ಮದಕ್ಕ ನೀವು ಹೋಗ್ರಿ. ಎಲ್ಲಾರ ಹೊಟ್ಟಿಗೂ ಅನ್ನಾನ ಅಲ್ಲ?" ಅಂದಳು. ಅವರು ಬೈದುಕೊಂಡು ಹೋದರು. ನಾವು ನಕ್ಕೆವು.

ಎರಡನೆಯ ಸಲ ನಗು ಬರಲಿಲ್ಲ. ನಮ್ಮನ್ನು ಒಂದು ಒಣ ಬದುವಿನ ತುದಿಯವರೆಗೆ ನಡೆಸಿ ಅಲ್ಲೇ ನಿಂತುಬಿಟ್ಟಳು. ಮುಂದೆ ದಾರಿ ಇಲ್ಲ, ಗದ್ದೆಯೂ ಇಲ್ಲ. "ಹಂಪಕ್ಕಾ, ಯಾಕ ನಿಂತಿ?" ಅಂದರೆ ಎಲೆ ಅಡಿಕೆ ಉಗಿದು ಬಂದ ದಾರಿಗೇ ತಿರುಗಿದಳು.

ಅವತ್ತಿನಿಂದ ಗುಂಪಿನಲ್ಲಿ ಗುಸುಗುಸು. ಹಂಪಮ್ಮನ ತಲೆ ಕೆಟ್ಟೈತಿ, ಅರವತ್ತರ ಮರೆವು ಅಂತ. ಲಕ್ಷ್ಮೀದೇವಿ ಮಾತ್ರ ಎದುರಿಗೇ ಆಡಿದಳು. ಅವಳ ತವರು ಆಂಧ್ರದ ಕಡೆ, ಅರ್ಧ ಮಾತು ತೆಲುಗು, ವಯಸ್ಸಿನಲ್ಲಿ ನಮಗಿಂತ ಚಿಕ್ಕವಳು. "ಹಂಪಕ್ಕಾ, ಬೈಬ್ಯಾಡ. ಮುಂದಿನ ನಾಟಿಗೆ ನಿನ್ನ ಹಿಂದ ಬರಾಕ ನನಗ ಧೈರ್ಯ ಇಲ್ಲ."

"ಮತ್ತ ಯಾರ ಹಿಂದ ಹೋಗ್ತೀ ಲಚ್ಚಿ, ನಿನ್ನ ಹಿಂದ ನೀನಾ?"

"ಚೂದ್ದಾಂ" ಅಂದಳು ಲಕ್ಷ್ಮಿ. ಅಂದರೆ ನೋಡೋಣ.

ಹಿಂಗಾರು ನಾಟಿ ಮುಗಿದ ಮೇಲೆ ಕಳೆ ಬರುವ ತನಕ ಕೆಲಸವಿರುವುದಿಲ್ಲ. ನನ್ನ ಮೊಮ್ಮಗಳು ಸುಮಾ ಕಾರವಾರದ ದಾರಿಯಲ್ಲಿ ಸಮುದ್ರದ ದಂಡೆಯ ಒಂದು ರಿಸಾರ್ಟಿನಲ್ಲಿ ಕೆಲಸಕ್ಕಿದ್ದಾಳೆ. ಬಂದವರಿಗೆ ರೂಮಿನ ಕೀಲಿ ಕೊಡುವ ಕೆಲಸ. ಕೆಲಸದವರ ಕೋಣೆ ಒಂದು ಖಾಲಿ ಇದೆ ಬಾ ಅಜ್ಜಿ, ಸಮುದ್ರ ನೋಡು ಅಂದಳು. ನಾನು ಹಂಪಮ್ಮನನ್ನು ಕರೆದೆ. ಹಂಪಮ್ಮ ಕಾಸಿಂಬಿಯನ್ನು ಕರೆದಳು. ಕಾಸಿಂಬಿ ನಮ್ಮ ಗುಂಪಿನಲ್ಲೇ ಸಸಿ ಕೀಳುವವಳು, ಯಾರ ಜೊತೆಗೂ ಜಗಳವಾಡದವಳು. ಲಕ್ಷ್ಮಿಯನ್ನು ಯಾರು ಕರೆದರೋ ನನಗೆ ನೆನಪಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟಿನಲ್ಲಿ ಅವಳೇ ಕೂತಿದ್ದಳು.

ಸುಮಾಗೆ ಮರುದಿನ ರಜೆ ಸಿಗಲಿಲ್ಲ. ಅವಳು ನಮಗೆ ಒಂದು ಬಣ್ಣದ ಹಾಳೆ ಕೊಟ್ಟಳು. ಅದರಲ್ಲಿ ಊರಿನ ಚಿತ್ರ, ನೋಡುವ ಜಾಗಗಳಿಗೆಲ್ಲ ಅಂಕಿ. "ಗೈಡ್ ಬೇಕಾಗಿಲ್ಲ ಅಜ್ಜಿ. ನಿಮ್ಮಷ್ಟಕ್ಕೆ ನೀವೇ ನಡೆದು ನೋಡೋದು. ರಸ್ತೆ ಮೇಲೆ ಹಳದಿ ಪಾದ ಬರೆದಿದ್ದಾರೆ, ಅದರ ಹಿಂದೆ ಹೋದ್ರೆ ಎಲ್ಲ ತೋರಿಸಿ ವಾಪಸ್ ಇಲ್ಲಿಗೇ ತರುತ್ತೆ."

"ಯಾರ ಪಾದವ್ವಾ ಅವು?" ಅಂದಳು ಹಂಪಮ್ಮ.

"ಯಾರದೂ ಅಲ್ಲ ಅಜ್ಜಿ. ಸುಮ್ಮನೆ ದಾರಿ ತೋರಿಸೋಕೆ."

"ಯಾರದೂ ಅಲ್ಲದ ಪಾದ ಇರ್ತಾವನು?"

ಲಕ್ಷ್ಮಿ ನಕ್ಕಳು. ಅದು ಹಂಪಮ್ಮನಿಗೆ ತಾಗಿತು. ಬಾಗಿಲಲ್ಲೇ ನಿಂತು ಹೇಳಿದಳು: "ಲಚ್ಚಿ, ಕೇಳು. ಇವತ್ತ ನಾ ಮುಂದ ನಡಿತೀನಿ. ಸಂಜಿಗೆ ಇದಾ ಬಾಗಲಕ್ಕ ತಂದು ನಿಲ್ಲಸ್ತೀನಿ. ನಿಲ್ಲಸಿದ್ರ ಮುಂದಿನ ನಾಟಿಗೆ ಬಾಯಿ ಮುಚ್ಚಿಕೊಂಡು ನನ್ನ ಹಿಂದ ಬಾ. ಇಲ್ಲಂದ್ರ ನೀನಾ ಮುಂದ ನಡಿ, ನಾ ಕೇಳಂಗಿಲ್ಲ."

"ಆತು" ಅಂದಳು ಲಕ್ಷ್ಮಿ. ಆ ಸಲ ನಗಲಿಲ್ಲ.

ಹಾಳೆ ನನ್ನ ಕೈಗೆ ಬಂತು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲೆ, ಆದರೆ ಚಿತ್ರದ ಊರನ್ನು ಹೇಗೆ ಹಿಡಿದುಕೊಳ್ಳಬೇಕು ಅಂತ ಗೊತ್ತಾಗಲಿಲ್ಲ. ಒಂದು ಕಡೆ ತಿರುಗಿಸಿದರೆ ಸಮುದ್ರ ಮೇಲೆ ಬರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಅಕ್ಷರ ತಲೆಕೆಳಗಾಗುತ್ತದೆ.

ಪಾದಗಳು ಮೊಳಕ್ಕೊಂದು ಇದ್ದವು, ಬೆರಳು ಸಮೇತ. ಅವುಗಳನ್ನು ತುಳಿಯಲು ನಮಗೆ ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಒಬ್ಬರ ಹಿಂದೆ ಒಬ್ಬರು, ಬದುವಿನ ಮೇಲೆ ನಡೆದ ಹಾಗೆ ನಡೆದೆವು. ಚಡ್ಡಿ ಹಾಕಿದ ಗಂಡಸರು, ಕಪ್ಪು ಕನ್ನಡಕದ ಹೆಂಗಸರು ಅವುಗಳ ಮೇಲೆಯೇ ಚಪ್ಪಲಿ ಇಟ್ಟು ದಾಟಿ ಹೋದರು. ಲಕ್ಷ್ಮಿ ಒಂದು ಪಾದವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಯಾರಾದರೂ ನೋಡಿದರೇನೋ ಅಂತ ಸುತ್ತ ನೋಡಿದಳು. ಕಾಸಿಂಬಿ, "ನಮಗೇನು ಅಡ್ಡಿಯಿಲ್ಲ, ನಾ ತುಳಿತೀನಿ" ಅಂದವಳು ನಾಲ್ಕು ಹೆಜ್ಜೆಗೆ ತಾನೂ ಪಕ್ಕಕ್ಕೆ ಸರಿದಳು. ಹಂಪಮ್ಮ ಮಾತ್ರ ಎರಡು ಮೂರು ಸಲ ತುಳಿದೇಬಿಟ್ಟಳು. "ನೋಡ್ಲಿಲ್ಲ" ಅಂದಳು. "ಈರಿ, ಪಾದ ಎತ್ತಾಗ ಹೊಂಟಾವು ಹೇಳ್ತಾ ಬಾ" ಅಂತ ನನಗೆ ಹೇಳಿದಳು. ಹಾಳೆ ನನ್ನ ಕೈಯಲ್ಲಿದೆಯಲ್ಲ, ಅದಕ್ಕೇ ಕೇಳುತ್ತಿದ್ದಾಳೆ ಅಂದುಕೊಂಡು ನಾನು ಹೇಳುತ್ತಾ ಹೋದೆ.

ಮೊದಲನೆಯ ಅಂಕಿ ಸಮುದ್ರ. ನಾವು ಮರಳಿನಲ್ಲಿ ಸಾಲಾಗಿ ನಿಂತೆವು. ಏನು ನೋಡಬೇಕು ಅಂತ ಗೊತ್ತಾಗಲಿಲ್ಲ. ನೀರು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕೆಲಸ ಮರೆತು ಅಂಗಳದಲ್ಲಿ ಅಡ್ಡಾಡುವ ಗಂಡಸರ ಹಾಗೆ.

"ಇದಕ್ಕ ತೂಬು ಎಲ್ಲೈತಿ?" ಅಂದಳು ಹಂಪಮ್ಮ.

"ತೂಬು ಇಲ್ಲ" ಅಂದೆ.

"ಇದು ಕಡೀಗೆ ಯಾರ ಗದ್ದಿಗೆ ಹೋಗ್ತೈತಿ?"

"ಯಾರ ಗದ್ದಿಗೂ ಇಲ್ಲ."

"ಮತ್ತ ಇಷ್ಟು ಯಾಕ ಒದರತೈತಿ" ಅಂದು ಅದಕ್ಕೆ ಬೆನ್ನು ಹಾಕಿ ನಿಂತಳು. ಅವಳ ಮುಖದಲ್ಲಿ ನಾನು ಹಿಂದೆ ನೋಡದ ಒಂದು ಗಾಬರಿ ಇತ್ತು. ಅವಳ ಮ್ಯಾಲಕ ಕೆಳಕ ಎರಡನ್ನೂ ಯಾರೋ ಕಸಿದುಕೊಂಡಂತೆ.

ಎರಡನೆಯದು ಸೂರ್ಯ ಮುಳುಗುವುದನ್ನು ನೋಡುವ ಜಾಗ ಅಂತ ಹಾಳೆಯಲ್ಲಿ ಬರೆದಿತ್ತು. ನಾವು ಹೋದದ್ದು ಬೆಳಗಿನ ಬಿಸಿಲಿನಲ್ಲಿ. ಒಂದು ಕಲ್ಲು ಬೆಂಚು, ಒಂದು ಕಂಬ, ಬೇರೇನೂ ಇಲ್ಲ. ನಾವು ಬೆಂಚಿನ ಮೇಲೆ ಕೂತು, ಏನೋ ಆಗುತ್ತದೆ ಅಂತ ಕಾದೆವು. ಪಕ್ಕದಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದ ಹುಡುಗಿ, "ಅಜ್ಜಿ, ಸಂಜೆ ಬರಬೇಕು" ಅಂದಳು.

"ಸೂರ್ಯ ಮುಳುಗೂದನ್ನ ನೋಡಾಕ ಇಷ್ಟು ದೂರ ಬರ್ತಾರಾ ಬೇಟಿ?" ಅಂದಳು ಕಾಸಿಂಬಿ. "ನಮ್ಮ ಹಿತ್ತಲಾಗ ದಿನಾ ಮುಳುಗ್ತಾನ. ಯಾರೂ ನೋಡಂಗಿಲ್ಲ, ಆದ್ರೂ ಮುಳುಗ್ತಾನ."

ಹಡಗಿಗೆ ದಾರಿ ತೋರಿಸುವ ದೀಪದ ಕಂಬದ ಬಾಗಿಲಿಗೆ ಬೀಗ ಹಾಕಿತ್ತು. ಕೋಟೆ ಅಂತ ಬರೆದ ಕಡೆ ಒಂದು ಮುರಿದ ಗೋಡೆ, ಒಂದು ತುಕ್ಕು ಹಿಡಿದ ಫಿರಂಗಿ ಇದ್ದವು. ಬಳ್ಳಾರಿ ಗುಡ್ಡದ ಕೋಟೆ ನೋಡಿದವರಿಗೆ ಇದು ಬಚ್ಚಲಿನ ಗೋಡೆ. ಆದರೂ ಪಾದಗಳು ಅಲ್ಲಿಗೆ ಹೋಗಿದ್ದವು, ನಾವೂ ಹೋದೆವು. ಪ್ರತಿ ಜಾಗದಲ್ಲೂ ಒಬ್ಬರ ಮುಖ ಒಬ್ಬರು ನೋಡಿ, "ನೋಡಿದ್ದಾತಾ?" ಅಂತ ಕೇಳಿ, "ಆತು" ಅಂತ ಮುಂದೆ ನಡೆದೆವು. ಏನು ನೋಡಿದ್ದು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಯಾರಿಗೂ ಗೊತ್ತಿರಲಿಲ್ಲ.

ಕೋಟೆಯಿಂದ ಇಳಿದ ಮೇಲೆ ಪೈಪ್ ಹಾಕಲು ರಸ್ತೆ ಅಗೆದಿದ್ದರು. ಮಣ್ಣಿನ ಗುಡ್ಡೆ, ಗುಂಡಿ. ಹಳದಿ ಪಾದ ಗುಂಡಿಯ ಅಂಚಿಗೆ ಬಂದು ನಿಂತಿತ್ತು. ಆಚೆ ದಡದಲ್ಲಿ ಹುಡುಕಿದರೆ ಒಂದೂ ಇಲ್ಲ. ಅಲ್ಲಿ ಮೂರು ಓಣಿ. ನಾನು ಹಾಳೆಯನ್ನು ನಾಲ್ಕು ಕಡೆಗೂ ತಿರುಗಿಸಿದೆ.

"ಯಾರನ್ನಾರ ಕೇಳೋಣ" ಅಂದಳು ಲಕ್ಷ್ಮಿ.

"ಬ್ಯಾಡ" ಅಂದಳು ಹಂಪಮ್ಮ. "ಇಲ್ಲೆಲ್ಲೋ ನೀರು ಐತಿ. ವಾಸನಿ ಬರ್ತೈತಿ."

ಓಣಿಯ ಹಿಂದೆ ನಿಜವಾಗಿಯೂ ಒಂದು ಹಳ್ಳ ಇತ್ತು. ನಮ್ಮ ಉಪಕಾಲುವೆಯಷ್ಟೇ ಅಗಲ, ಎರಡೂ ಬದಿಗೆ ತೆಂಗು. ಅದನ್ನು ಕಂಡ ಕೂಡಲೇ ನಮಗೆಲ್ಲ ಜೀವ ಬಂದಂತಾಯಿತು. ಹಂಪಮ್ಮ ದಂಡೆಯ ಮೇಲೆ ನಿಂತು, ಗುಂಪಿಗೆ ಗದ್ದೆ ಹಂಚುವ ಧ್ವನಿಯಲ್ಲಿ ಹೇಳಿದಳು: "ಸುಮಾನ ರಿಸಾರ್ಟು ಎಲ್ಲೈತಿ? ಸಮುದ್ರದ ದಂಡಿಗೆ. ಹಳ್ಳದ ನೀರು ಎಲ್ಲಿಗೆ ಹೋಗ್ತೈತಿ? ಸಮುದ್ರಕ್ಕ. ನೀರಿನ ಕೂಡ ಹೋದ್ರ ಬಾಗಲಿಗೇ ಹೋಗಿ ನಿಲ್ತೀವಿ. ಎತ್ತಾಗ ಹರಿತೈತಿ ನೋಡ್ರಿ."

"ತೆಂಗಿನ ಚಿಪ್ಪು ತೇಲ್ತೈತಿ ನೋಡಕ್ಕಾ, ಹಿಂಗ ಹೊಂಟೈತಿ" ಅಂತ ಕಾಸಿಂಬಿ ಕೈ ಮಾಡಿದಳು.

ನಾನು ನೋಡಿದೆ, ಲಕ್ಷ್ಮಿಯೂ ನೋಡಿದಳು. ಚಿಪ್ಪು ನಿಧಾನವಾಗಿ, ಖಾತ್ರಿಯಾಗಿ ಒಂದೇ ಕಡೆ ಹೋಗುತ್ತಿತ್ತು. ನಾವು ಚಿಪ್ಪಿನ ಜೊತೆ ನಡೆದೆವು.

ನಡೆದೆವು, ನಡೆದೆವು. ಮನೆಗಳು ಮುಗಿದವು. ಸಮುದ್ರದ ಸದ್ದು ಹೆಚ್ಚಾಗಬೇಕಿತ್ತು, ಕಡಿಮೆಯಾಯಿತು. ತೆಂಗು ಮುಗಿದು, ಬೇರನ್ನು ಕಾಲಿನ ಹಾಗೆ ನೀರಿಗೆ ಇಳಿಬಿಟ್ಟು ನಿಂತ ಯಾವುದೋ ಗಿಡಗಳು ಬಂದವು. ಆಮೇಲೆ ನಮ್ಮ ಎದುರಿಗೆ ಬಂದದ್ದು ಗದ್ದೆ.

ನೆಲ್ಲಿನ ಗದ್ದೆ. ಬದು, ತೂಬು, ಕೊಯ್ದ ನೆಲ್ಲಿನ ಕೂಳೆ, ಎಲ್ಲ ನಮ್ಮದರ ಹಾಗೇ. ಕೂಳೆಯ ಮೇಲೆ ನೀರು ನಿಂತಿತ್ತು. ಸಮುದ್ರ ನೋಡಲು ಹೊರಟು ಸಿರುಗುಪ್ಪಕ್ಕೆ ಬಂದೆವೇನೋ ಅಂತ ಒಂದು ಗಳಿಗೆ ನನಗೆ ಭ್ರಮೆ ಹಿಡಿಯಿತು. ಹಂಪಮ್ಮ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡು ಬಾಯಿಗೆ ಹಾಕಿದಳು. ಉಗಿದಳು.

"ಉಪ್ಪು."

"ಉಪ್ಪು ನೀರಾಗ ನೆಲ್ಲು ಬೆಳಿತೈತಾ?" ಅಂದಳು ಲಕ್ಷ್ಮಿ.

ತಲೆಯ ಮೇಲೆ ಚಿಪ್ಪಿಮೀನಿನ ಬುಟ್ಟಿ ಹೊತ್ತು ಒಬ್ಬ ಹೆಂಗಸು ದಂಡೆ ಹತ್ತಿ ಬರುತ್ತಿದ್ದಳು. ನಮ್ಮನ್ನು ನೋಡಿ ನಿಂತಳು. "ಎಲ್ಲಿಗೆ ಹೋಗ್ಬೇಕಿತ್ತು ನಿಮಗೆ?"

"ಸಮುದ್ರಕ್ಕ" ಅಂದೆ.

"ಅಯ್ಯ, ಅದು ನಿಮ್ಮ ಬೆನ್ನ ಹಿಂದೆ ಉಳೀತಲ್ಲ. ಇದು ಭರತಿ ನೀರು. ಸಮುದ್ರ ಉಬ್ಬಿದಾಗ ನೀರು ಒಳಗೆ ಬರ್ತದೆ, ಆಮೇಲೆ ಇಳೀತದೆ. ಮಳೆಗಾಲದಲ್ಲಿ ಸಿಹಿ ನೀರಾದಾಗ ಭತ್ತ ಹಾಕ್ತೇವೆ, ಈಗ ಉಪ್ಪು ನೀರು ಬಿಟ್ಟು ಮೀನು ಹಿಡೀತೇವೆ."

ಹಳ್ಳದ ನೀರು ಸಮುದ್ರದಿಂದ ಮೇಲಕ್ಕೆ ಹರಿಯುತ್ತದೆ ಅನ್ನುವುದನ್ನು ಅವಳು ಮಳೆ ಬಂತು ಅಂದಷ್ಟು ಸಲೀಸಾಗಿ ಹೇಳಿ ಹೋದಳು. ನಮಗೆ ಅದು ತಲೆಗೆ ಇಳಿಯಲಿಲ್ಲ. ನಾಲ್ವರೂ ಆ ನೀರನ್ನು ನೋಡುತ್ತಾ ನಿಂತೆವು. ನಮ್ಮ ಚಿಪ್ಪು ನಮ್ಮನ್ನು ದಾಟಿಕೊಂಡು ಇನ್ನೂ ಒಳಗೆ ಹೋಯಿತು.

"ನಡಿ ಹಂಪಕ್ಕಾ. ರಸ್ತಿಗೆ ಹೋಗಿ ಆಟೋ ಹಿಡಿಯೋಣ" ಅಂದಳು ಲಕ್ಷ್ಮಿ. ಗೆದ್ದವಳ ಧ್ವನಿ ಅದಾಗಿರಲಿಲ್ಲ. ಅವಳೂ ಹೆದರಿದ್ದಳು ಅಂತ ಕಾಣುತ್ತದೆ.

"ನೀವು ಹೋಗ್ರಿ. ಇಳಿತೈತಿ ಅಂದಳಲ್ಲ ಆಕಿ, ಇಳಿಯಲಿ. ನಾ ನೀರಿನ ಕೂಡಾನ ಬರ್ತೀನಿ."

"ಹುಚ್ಚಿಡದೈತೇನು ನಿನಗ?"

"ಹ್ಞೂಂ, ಹಿಡದೈತಿ. ಹೋಗು."

ಲಕ್ಷ್ಮಿ ಕಾಸಿಂಬಿಯನ್ನು ಕರೆದುಕೊಂಡು ಹೋದಳು. ನಾನು ಉಳಿದೆ. ಪ್ರೀತಿ ಗೀತಿ ಅಂತಲ್ಲ. ನನ್ನ ಕಾಲು ನೋಯುತ್ತಿತ್ತು. ಅದಲ್ಲದೆ, ಕರೆತಂದ ಮುದುಕಿಯನ್ನು ಉಪ್ಪು ಗದ್ದೆಯಲ್ಲಿ ಬಿಟ್ಟು ಬಂದೆ ಅಂತ ಸುಮಾಗೆ ಹೇಳಲು ಆಗುತ್ತಿರಲಿಲ್ಲ.

ಬದುವಿನ ಮೇಲೆ ಕೂತೆವು. ಬಿಸಿಲು ತಲೆಯ ಮೇಲಿಂದ ಇಳಿಯಿತು. ಹಂಪಮ್ಮ ಎಲೆ ಅಡಿಕೆ ಹಾಕಿಕೊಂಡಳು, ನನಗೂ ಕೊಟ್ಟಳು. ಸ್ವಲ್ಪ ಹೊತ್ತಿಗೊಮ್ಮೆ "ಈರಿ, ತಿರುಗ್ತೇನು?" ಅಂತ ಕೇಳುವಳು. "ಇಲ್ಲ" ಅನ್ನುವೆ. ಮತ್ತೆ ಕೇಳುವಳು. ನನಗೆ ರೇಗಿತು.

"ಕಣ್ಣ ಮುಂದಾ ಐತಲ್ಲ, ನೀನಾ ನೋಡು."

ಆಗ ನಾನು ಅವಳ ಕಣ್ಣನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅವು ನೀರಿನ ಕಡೆ ಇದ್ದವು, ಆದರೆ ನೀರನ್ನು ನೋಡುತ್ತಿರಲಿಲ್ಲ. ನಾನು ಅವಳ ಮುಖದ ಪಕ್ಕದಲ್ಲಿ ಕೈ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ.

"ಯಾವಾಗಿಂದ?" ಅಂದೆ.

"ಸತ್ಯನಾರಾಯಣಪ್ಯಾಟಿ ಡಾಕ್ಟರು ಅವತ್ತಾ ಹೇಳಿದ್ರು. ಕಣ್ಣಿನ ನರ ಒಣಗ್ಯಾವಂತ. ಪೊರಿ ಬಂದಿದ್ರ ತಗೀತಿದ್ರಂತ, ನರಕ್ಕ ಏನೂ ಮಾಡಾಕ ಬರಂಗಿಲ್ಲಂತ. ಎದರಾಗ ಇದ್ದಿದ್ದು ಒಂಚೂರು ಕಾಣ್ತೈತಿ, ಬಿಸಿಲಾಗ. ನಸಿಕಿನಾಗ ಏನೂ ಇಲ್ಲ."

"ಅಂದ್ರ ನಿನಗ ತಲಿ ಕೆಟ್ಟಿಲ್ಲ."

"ತಲಿ ಯಾಕ ಕೆಡ್ತೈತಿ?"

"ಮತ್ತ ಎಲ್ಲಾರಿಗೂ ಹೇಳೋಣ. ಹಂಪಕ್ಕನ ತಲಿ ಸರಿ ಐತಿ, ಹೋಗಿದ್ದು ಕಣ್ಣು ಅಂತ. ನಿನ್ನ ಮರ್ಯಾದಿನಾದ್ರೂ ಉಳಿತೈತಿ."

ಹಂಪಮ್ಮ ನನ್ನ ಕೈ ಹಿಡಿದಳು. ಮೊಣಕೈಯನ್ನು, ಗಟ್ಟಿಯಾಗಿ, ನೋಯುವ ಹಾಗೆ. "ಈರಿ, ನಿನಗ ಬುದ್ಧಿ ಇಲ್ಲ. ದಾರಿ ತಪ್ಪಿದಾಕಿನ್ನ ಮಂದಿ ನಕ್ಕು ಕರಕೊಂಡು ಹೋಗ್ತಾರ. ಕಣ್ಣು ಕಾಣದಾಕಿನ್ನ ಪಾಪ ಅಂತ ಮನ್ಯಾಗ ಬಿಟ್ಟು ಹೋಗ್ತಾರ. ನನಗ ಸಾಲಿನ್ಯಾಗ ಜಾಗ ಬೇಕು. ನೆಡಾಕ ಕಣ್ಣು ಬ್ಯಾಡ, ಬೆರಳು ಸಾಕು."

ನನಗೆ ಅದು ಸರಿ ಅನ್ನಿಸಿತೋ ತಪ್ಪು ಅನ್ನಿಸಿತೋ ಹೇಳಲಾರೆ. ಹುಚ್ಚಿ ಅನ್ನಿಸಿಕೊಳ್ಳಲು ಒಪ್ಪಿ, ಕುರುಡಿ ಅನ್ನಿಸಿಕೊಳ್ಳಲು ಒಪ್ಪದವಳನ್ನು ನಾನು ಮತ್ತೆಲ್ಲೂ ಕಂಡಿಲ್ಲ. "ಆತು, ಕೈ ಬಿಡು" ಅಂದೆ.

ನೀರು ನಿಂತಿತು. ಹಳ್ಳ ಕೆರೆಯ ಹಾಗೆ ಸುಮ್ಮನಾಯಿತು. ಆಮೇಲೆ ಒಂದು ಒಣ ಎಲೆ ಅಲುಗಿತು, ನಾವು ಬಂದ ದಾರಿಗೆ ಮುಖ ಮಾಡಿತು. "ತಿರುಗಿತು" ಅಂದೆ. ಹಂಪಮ್ಮ ಎದ್ದು ಸೀರೆ ಕೊಡವಿದಳು. ನೀರಿನ ಜೊತೆ ನಡೆದೆವು. ಈಗ ಮುಂದೆ ನಾನು, ನನ್ನ ಸೆರಗಿನ ತುದಿ ಅವಳ ಕೈಯಲ್ಲಿ. ಮನೆಗಳು ಕಂಡ ಮೇಲೆ ಸೆರಗು ಬಿಟ್ಟು ತಾನೇ ಮುಂದೆ ಬಂದಳು.

ಹೊತ್ತು ಮುಳುಗುವ ಹೊತ್ತಿಗೆ ರಿಸಾರ್ಟಿನ ಬಾಗಿಲಲ್ಲಿ ನಿಂತಿದ್ದೆವು. ಲಕ್ಷ್ಮಿ, ಕಾಸಿಂಬಿ ಮೆಟ್ಟಿಲ ಮೇಲೆ ಕೂತಿದ್ದರು. ಅಲ್ಲಿ ಶುರುವಾಯಿತು ಪಂಚಾಯಿತಿ.

"ಸಂಜಿಗೆ ಬಾಗಲಿಗೆ ಬರ್ತೀನಿ ಅಂದಿದ್ದಳು, ಬಂದಾಳ" ಅಂದಳು ಕಾಸಿಂಬಿ.

"ನಮ್ಮನ್ನ ತಂದು ನಿಲ್ಲಸ್ತೀನಿ ಅಂದಿದ್ದು. ನಮ್ಮನ್ನ ತಂದಿದ್ದು ಆಟೋ" ಅಂದಳು ಲಕ್ಷ್ಮಿ.

"ಆಟೋ ಹತ್ತು ಅಂತ ನಿನಗ ಆಕಿ ಹೇಳಿದ್ದಳಾ? ನೀನಾ ಬಿಟ್ಟು ಬಂದಿ."

"ನೀನೂ ಬಂದಿ ನನ್ನ ಕೂಡ."

ಯಾರು ಗೆದ್ದರು ಅಂತ ಸುಮಾಳನ್ನು ಕರೆದು ಕೇಳಿದರು. ಅವಳಿಗೆ ವಿಷಯವೇ ಅರ್ಥವಾಗಲಿಲ್ಲ. ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ಕಡೆಗೆ ಹಂಪಮ್ಮನೇ ಬಾಯಿ ತೆರೆದಳು.

"ಲಚ್ಚಿ, ಮುಂದಿನ ನಾಟಿಗೆ ನೀ ಮುಂದ ನಡಿ. ಕೂಲಿ ಮಾತು ನಾ ಆಡ್ತೀನಿ, ನಿನಗ ಅದು ಬರಂಗಿಲ್ಲ. ನಾ ಹಿಂದ ಬರ್ತೀನಿ. ನೀರು ಹಿಂದಕ್ಕ ಹೋಗೂದನ್ನ ನೋಡಿದ ಮ್ಯಾಲ ನಂದೇನೈತಿ."

ಇಷ್ಟು ದಿನ ಅದನ್ನೇ ಬೇಡುತ್ತಿದ್ದ ಲಕ್ಷ್ಮಿ ಬೆಪ್ಪಾಗಿ ನಿಂತಳು. "ನಾನಾ?" ಅಂದಳು.

"ಮತ್ತ ನಿಮ್ಮವ್ವನಾ?"

ಮುಂಗಾರು ನಾಟಿಗೆ ಲಕ್ಷ್ಮಿ ಮುಂದೆ ನಡೆದಳು. ಹಂಪಮ್ಮ ಕಡೆಯಲ್ಲಿ, ನನ್ನ ಹಿಂದೆ. ಅವಳು ಜಾರಬಾರದು ಅಂತ ನಾನು ಕಾಲೆಳೆದು ಕಾಲೆಳೆದು ನಡೆದೆ. ಯಾರಾದರೂ ಕೇಳಿದರೆ ಮಂಡಿ ನೋವು ಅನ್ನುತ್ತಿದ್ದೆ. ಹೆಂಗಸರು ದಿನಾ ಬೆಳಗ್ಗೆ ಅವಳನ್ನು ಕಾಡುತ್ತಿದ್ದರು. "ಹಂಪಕ್ಕಾ, ಸಮುದ್ರ ಎತ್ತಾಗ?" ಅಂತ ಒಬ್ಬಳು. "ನಿಮ್ಮ ಅತ್ತಿ ಮನಿ ಹಿಂದ" ಅಂತ ಇವಳು. ಹೋ ಅಂತ ನಗು. ಲಕ್ಷ್ಮಿ ಅವಳಿಗೆ ಯಾವಾಗಲೂ ಬದುವಿನ ಬದಿಯ ಸಾಲನ್ನೇ ಕೊಡುತ್ತಿದ್ದಳು. ಅದು ಕೆಲಸ ಬಾರದ ಹೊಸಬರಿಗೆ ಕೊಡುವ ಸಾಲು. ನನಗೆ ಸಿಟ್ಟು ಬರುತ್ತಿತ್ತು, ಅಧಿಕಾರ ಸಿಕ್ಕಿತು ಅಂತ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂತ. ಹಂಪಮ್ಮ ಮಾತ್ರ ಒಂದು ಕಾಲನ್ನು ಬದುವಿಗೆ ತಾಗಿಸಿಕೊಂಡು ಸರಸರ ನೆಡುತ್ತಾ ಹೋಗುವಳು.

ಹೀಗೆ ಎರಡು ವರ್ಷ ನಡೆಯಿತು. ಆಮೇಲಿನ ಬೇಸಿಗೆಯಲ್ಲಿ ಹಂಪಮ್ಮನಿಗೆ ಜ್ವರ ಬಂತು. ಮಗಳು ಬಂದು ಕುರುಗೋಡಿಗೆ ಕರೆದುಕೊಂಡು ಹೋದಳು. ಕಾಲುವೆಗೆ ನೀರು ಬಿಡುವ ಮೊದಲೇ ಹಂಪಮ್ಮ ಸತ್ತಳು. ಸುದ್ದಿ ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸಿ ಮುಗಿಸಿದೆ.

ಲಕ್ಷ್ಮಿ, ಕಾಸಿಂಬಿ, ನಾನು ಕುರುಗೋಡಿಗೆ ಹೋದೆವು. ಎಲ್ಲ ಮುಗಿದ ಮೇಲೆ ಮಗಳು ಚಹಾ ಕೊಟ್ಟು ನಮ್ಮ ಮುಂದೆ ಕೂತಳು. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು. "ಅವ್ವಗ ಕಣ್ಣು ಪೂರ್ತಿ ಹೋಗಿದ್ವು. ಇಲ್ಲಿ ಬಂದ ಮ್ಯಾಲ ನನಗ ಗೊತ್ತಾತು. ದಿನಾ ಕೂಡ ಇದ್ದವರು ನೀವು. ನಿಮಗ್ಯಾರಿಗೂ ಗೊತ್ತಾಗ್ಲಿಲ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಲಕ್ಷ್ಮಿ ಅಂದಳು: "ಗೊತ್ತಿತ್ತು."

"ನನಗೂ" ಅಂದಳು ಕಾಸಿಂಬಿ. "ಚಿಪ್ಪು ಹರಿಯೂದನ್ನ ನಾ ಕೈ ಮಾಡಿ ತೋರಿಸಿದ್ರ, ಆಕಿ ನನ್ನ ಬಾಯಿ ಕಡಿ ನೋಡಿದ್ದಳು. ಅವತ್ತಾ ಗೊತ್ತಾತು."

"ಗುಂಪಿನ್ಯಾಗ ಎಲ್ಲಾರಿಗೂ ಗೊತ್ತಿತ್ತು" ಅಂದಳು ಲಕ್ಷ್ಮಿ.

ನಾನು ಚಹಾದ ಲೋಟ ಕೆಳಗಿಟ್ಟೆ. "ಮತ್ತ ಸಮುದ್ರ ಎತ್ತಾಗ, ಸಮುದ್ರ ಎತ್ತಾಗ ಅಂತ ದಿನಾ ಹಲ್ಲು ಕಿಸೀತಿದ್ರಲ್ಲ?"

"ನಗದಿದ್ರ ಏನು ಮಾಡಬೇಕಿತ್ತು? ನಗೂದ ಬಿಟ್ಟಿದ್ರ ನಮಗ ಗೊತ್ತೈತಿ ಅಂತ ಆಕಿಗೆ ಗೊತ್ತಾಗ್ತಿತ್ತು. ಮರದಿನ ಆಕಿ ಬರ್ತಿದ್ದಿಲ್ಲ" ಅಂದಳು ಲಕ್ಷ್ಮಿ.

ಮಗಳು ನಮ್ಮನ್ನೇ ನೋಡುತ್ತಿದ್ದಳು. ಇವರೆಲ್ಲ ಯಾರು, ಏನು ಮಾತಾಡುತ್ತಿದ್ದಾರೆ ಅಂತ ಅವಳಿಗೆ ತಿಳಿದಂತೆ ಕಾಣಲಿಲ್ಲ. ನನಗೂ ಪೂರ್ತಿ ತಿಳಿಯಲಿಲ್ಲ. ಹಂಪಮ್ಮ ನಮ್ಮಿಂದ ಮುಚ್ಚಿಟ್ಟಳು, ನಾನು ಇವರಿಂದ ಮುಚ್ಚಿಟ್ಟೆ, ಇವರು ನಮ್ಮಿಬ್ಬರಿಂದ ಮುಚ್ಚಿಟ್ಟರು. ಇವರಿಗೆ ಗೊತ್ತಿದೆ ಅಂತ ಅವಳಿಗೂ ಗೊತ್ತಿತ್ತೋ ಏನೋ. ಹಾಗಿದ್ದರೆ ಎರಡು ವರ್ಷ ನಾನು ಯಾರಿಗಾಗಿ ಕಾಲೆಳೆದು ನಡೆದೆ? ಕೇಳೋಣ ಅಂದರೆ ಅವಳಿಲ್ಲ.

ಕಾಲುವೆಗೆ ನೀರು ಬಂತು. ಮೊದಲ ದಿನದ ನಾಟಿಗೆ ಲಕ್ಷ್ಮಿಯ ಹಿಂದೆ ಹೋದೆವು. ಮಧ್ಯಾಹ್ನಕ್ಕೆ ಆ ಗದ್ದೆ ಮುಗಿಯಿತು ಅಂತ ಎಲ್ಲರೂ ಮೇಲೆ ಹತ್ತಿ ಕಾಲು ತೊಳೆಯತೊಡಗಿದರು. ಗದ್ದೆಯ ಯಜಮಾನ ಬಂದು ನೋಡಿ, "ಅಲ್ಲಿ ಯಾಕ ಬಿಟ್ಟೀರಿ?" ಅಂದ.

ಬದುವಿನ ಬದಿಗೆ, ಈ ತುದಿಯಿಂದ ಆ ತುದಿಯವರೆಗೆ, ಒಬ್ಬಳು ಬಗ್ಗಿ ನೆಡುವಷ್ಟು ಅಗಲ ಬರೀ ನೀರು ನಿಂತಿತ್ತು. ಅಲ್ಲಿ ಒಂದೂ ಸಸಿ ಇರಲಿಲ್ಲ. ಆ ಸಾಲನ್ನು ಯಾರಿಗೂ ಕೊಟ್ಟಿರಲಿಲ್ಲ.

"ಯಾರ ಸಾಲವ್ವಾ ಅದು?" ಅಂದಳು ಆ ವರ್ಷ ಹೊಸದಾಗಿ ಗುಂಪಿಗೆ ಬಂದವಳು.

ಲಕ್ಷ್ಮಿ ತೊಳೆದ ಕಾಲನ್ನು ಮತ್ತೆ ಕೆಸರಿಗೆ ಇಳಿಸಿದಳು. ಉಳಿದಿದ್ದ ಸಸಿಯ ಕಟ್ಟನ್ನು ಎತ್ತಿಕೊಂಡು, ಬದುವಿಗೆ ಕಾಲು ತಾಗಿಸಿ ಬಗ್ಗಿದಳು.